ಒಮ್ಮೆಲೇ ಮಂದವಾಗುವ ಕಿವಿ: ಅಕ್ಯುಪಂಕ್ಚರ್ ಎಷ್ಟು ನೆರವಾದೀತು?

ರಾತ್ರಿ ಮಲಗುವಾಗ ಸರಿಯಾಗಿದ್ದ ಕಿವಿ ಬೆಳಿಗ್ಗೆ ಏಳುವಷ್ಟರಲ್ಲಿ ಕೇಳಿಸುವುದನ್ನು ನಿಲ್ಲಿಸಿರುತ್ತದೆ. ನೋವಿಲ್ಲ, ಸೋರುವುದಿಲ್ಲ, ಪೆಟ್ಟು ಬಿದ್ದಿಲ್ಲ. ಕಿವಿಗೆ ಹತ್ತಿ ತುರುಕಿದಂತೆ ಅನ್ನಿಸುತ್ತದೆ, ಅಷ್ಟೇ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಜನ ಇದನ್ನು ‘ಕಿವಿ ಬಂದ್ ಆಗ್ಯದ’, ‘ಒಳಗ ಗುಂಯ್ ಅಂತದ’ ಎಂದು ಹೇಳುತ್ತಾರೆ. ಗುಗ್ಗೆ ಕಟ್ಟಿರಬೇಕು, ನೆಗಡಿ ಇಳಿದಿರಬೇಕು, ನಾಳೆ ಸರಿಹೋದೀತು ಎಂದು ನಾಲ್ಕು ದಿನ ಕಾಯುತ್ತಾರೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬರು ಸೂಜಿ ಚುಚ್ಚುವ ವೈದ್ಯರೊಬ್ಬರ ಹೆಸರು ಹೇಳುತ್ತಾರೆ.

ವೈದ್ಯರು ಇದನ್ನು ಹಠಾತ್ ನರಸಂಬಂಧಿ ಶ್ರವಣನಷ್ಟ ಎನ್ನುತ್ತಾರೆ. ಇದಕ್ಕೆ ಪೂರಕವಾಗಿ ಅಕ್ಯುಪಂಕ್ಚರ್ ಮಾಡಿಸಬಹುದೇ ಎಂಬ ಪ್ರಶ್ನೆ ಚೀನಾ, ಕೊರಿಯಾಗಳಷ್ಟೇ ನಮ್ಮಲ್ಲೂ ಕೇಳಿಬರುತ್ತಿದೆ. ಮಾಡಿಸಲೇಬೇಡಿ ಎಂದು ಈ ಬರಹ ಹೇಳುವುದಿಲ್ಲ. ಆದರೆ ಸೂಜಿಗೆ ಕೂರುವ ಮುನ್ನ ಆಗಲೇಬೇಕಾದ ಕೆಲಸವೊಂದಿದೆ, ಅದಕ್ಕೆ ಇರುವ ಗಡುವು ಬಹಳ ಚಿಕ್ಕದು.

ಕಾಯಿಲೆ ಯಾವುದು

ಮೂರು ದಿನಗಳ ಒಳಗೆ, ಅಂದರೆ 72 ತಾಸಿನಲ್ಲಿ, ಒಂದಕ್ಕೊಂದು ಹೊಂದಿಕೊಂಡ ಮೂರು ಸ್ವರಮಟ್ಟಗಳಲ್ಲಾದರೂ ಕೇಳುವ ಶಕ್ತಿ 30 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಕುಸಿದಿದ್ದರೆ ಅದು ಈ ಗುಂಪಿಗೆ ಸೇರುತ್ತದೆ. ಎದುರು ಕೂತು ಸಹಜವಾಗಿ ಮಾತಾಡುವ ದನಿ ಸುಮಾರು 60 ಡೆಸಿಬಲ್, ಪಿಸುಮಾತು 30ರ ಆಸುಪಾಸು. ಹಾಗಾಗಿ 30 ಡೆಸಿಬಲ್ ಕುಸಿತವೆಂದರೆ ಪಿಸುಮಾತು ಪೂರ್ತಿ ಅಳಿಸಿಹೋಗಿ, ಮಾತು ಗೋಡೆಯಾಚೆಯಿಂದ ಬಂದಂತೆ ಆಗುತ್ತದೆ.

ಹೆಚ್ಚಿನವರಿಗೆ ಒಂದೇ ಕಿವಿಗೆ ಬರುತ್ತದೆ. ಬಹಳಷ್ಟು ಮಂದಿಗೆ ಜೊತೆಯಲ್ಲಿ ಕಿವಿಮೊರೆತವೂ ಇರುತ್ತದೆ, ಕೆಲವರಿಗೆ ತಲೆ ಗಿರ್ ಎಂದು ಸುತ್ತಿ ವಾಂತಿಯಾಗುತ್ತದೆ. ಅಮೆರಿಕದ ಲೆಕ್ಕದಂತೆ ವರ್ಷಕ್ಕೆ ಲಕ್ಷ ಜನರಲ್ಲಿ 5ರಿಂದ 27 ಮಂದಿಗೆ ಇದು ತಗಲುತ್ತದೆ. ಸಂಖ್ಯೆ ಸಣ್ಣದೆನಿಸಬಹುದು. ಹತ್ತಾರು ಲಕ್ಷ ಜನರಿರುವ ನಮ್ಮಂಥ ಜಿಲ್ಲೆಗೆ ಅದೇ ಪ್ರಮಾಣ ಹಿಡಿದರೂ ಪ್ರತಿ ವರ್ಷ ನೂರರ ಲೆಕ್ಕದಲ್ಲಿ ಜನ ಆಗುತ್ತಾರೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15 ಸಾವಿರ ಕೂದಲುಕೋಶಗಳಿವೆ. ಶಬ್ದದ ಕಂಪನವನ್ನು ನರದ ಸಂಕೇತವಾಗಿ ಮಾರ್ಪಡಿಸುವವು ಇವೇ. ಹಕ್ಕಿಗಳಲ್ಲಿ ಸತ್ತ ಕೂದಲುಕೋಶ ಮತ್ತೆ ಹುಟ್ಟುತ್ತದೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಇವಕ್ಕೆಲ್ಲ ರಕ್ತ ಬರುವುದು ಒಂದೇ ಒಂದು ಸಣ್ಣ ಧಮನಿಯಿಂದ. ಅದು ಮುಚ್ಚಿದರೆ ರಕ್ತ ತರಲು ಬದಲಿ ದಾರಿ ಇಲ್ಲ. ಈ ಕಾಯಿಲೆಯಲ್ಲಿ ವೈದ್ಯರು ದಿನಗಳನ್ನು ಎಣಿಸುವುದು ಇದೇ ಕಾರಣಕ್ಕೆ.

ಕಾರಣ ಸಿಗದ ಹತ್ತರಲ್ಲಿ ಒಂಬತ್ತು

ಹೀಗೆ ಕಿವಿ ಮಂದವಾದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಎಲ್ಲ ಪರೀಕ್ಷೆಯ ನಂತರವೂ ಕಾರಣ ಗೊತ್ತಾಗುವುದಿಲ್ಲ. ವೈದ್ಯರು ಮುಂದಿಡುವ ಊಹೆ ನಾಲ್ಕು: ಆ ಸಣ್ಣ ಧಮನಿಯಲ್ಲಿ ರಕ್ತ ನಿಂತಿರಬಹುದು, ವೈರಸ್ ಸೋಂಕು ತಗಲಿರಬಹುದು, ಒಳಕಿವಿಯ ಪೊರೆ ಹರಿದಿರಬಹುದು, ದೇಹದ ರೋಗನಿರೋಧಕ ಶಕ್ತಿಯೇ ಒಳಕಿವಿಯ ಮೇಲೆ ತಿರುಗಿಬಿದ್ದಿರಬಹುದು. ಬದುಕಿರುವ ಮನುಷ್ಯನ ಕಾಕ್ಲಿಯಾವನ್ನು ತೆರೆದು ನೋಡುವಂತಿಲ್ಲ, ಚೂರು ಕತ್ತರಿಸಿ ಪರೀಕ್ಷಿಸುವಂತಿಲ್ಲ. ಹಾಗಾಗಿ ಊಹೆ ಊಹೆಯಾಗಿಯೇ ಉಳಿದಿದೆ.

ಉಳಿದ ಒಂದು ಪಾಲಿನಲ್ಲಿ ಕಾರಣ ಸ್ಪಷ್ಟವಾಗಿರುತ್ತದೆ, ಕೆಲವೊಮ್ಮೆ ಗಂಭೀರವೂ ಆಗಿರುತ್ತದೆ. ಶ್ರವಣ ನರದ ಮೇಲೆ ನಿಧಾನವಾಗಿ ಬೆಳೆಯುವ ಗಡ್ಡೆ, ಮಂಗಬಾವು, ಸರ್ಪಸುತ್ತಿನ ವೈರಸ್, ಮಿದುಳಿನ ಹಿಂಭಾಗದ ಪಾರ್ಶ್ವವಾಯು ಇವೆಲ್ಲ ಮೊದಲು ಕಿವಿಯಲ್ಲೇ ಕಾಣಿಸಿಕೊಳ್ಳಬಹುದು. ಗಡ್ಡೆಯ ಅನುಮಾನ ಕಳೆಯಲು ಎಂಆರ್‌ಐ ಬೇಕು. ಬರೀ ತಲೆಯ ಸಿಟಿ ಸ್ಕ್ಯಾನ್ ತೆಗೆಸಿ ಎಲ್ಲ ಸರಿಯಿದೆ ಎಂದು ಮನೆಗೆ ಬರುವುದರಿಂದ ಈ ಅನುಮಾನ ತೀರುವುದಿಲ್ಲ.

ಕಾರಣ ತಿಳಿಯದ ಕಾಯಿಲೆಯ ಸುತ್ತ ಬಗೆಬಗೆಯ ಚಿಕಿತ್ಸೆಗಳು ಬೆಳೆಯುವುದು ಸಹಜ. ಯಾಕೆ ಬಂತು ಎಂದು ಕೇಳಿದ ರೋಗಿಗೆ ಕಿವಿ ವೈದ್ಯರು ‘ಗೊತ್ತಿಲ್ಲ’ ಎನ್ನುತ್ತಾರೆ. ಪರ್ಯಾಯ ಚಿಕಿತ್ಸಕರ ಬಳಿ ಅದಕ್ಕೊಂದು ಉತ್ತರ ಸಿದ್ಧವಾಗಿರುತ್ತದೆ. ಸುಶ್ರುತ ಸಂಹಿತೆಯೂ 28 ಬಗೆಯ ಕರ್ಣರೋಗಗಳನ್ನು ಎಣಿಸಿ, ಬಾಧಿರ್ಯ, ಕರ್ಣನಾದ ಎಂದು ಕಿವುಡನ್ನೂ ಕಿವಿಮೊರೆತವನ್ನೂ ಬೇರೆಬೇರೆಯಾಗಿ ಗುರುತಿಸಿದೆ. ಉತ್ತರ ಬೇಕೆಂಬ ಹಂಬಲ ಹಳೆಯದು, ನ್ಯಾಯವಾದದ್ದೂ ಹೌದು.

ಮನೆಯಲ್ಲೇ ತಿಳಿಯುವ ಗುರುತು

ಗುಗ್ಗೆ ಕಟ್ಟಿದ್ದೋ ನರ ಸೋತದ್ದೋ ಎಂದು ಅಂದಾಜಿಸಲು ಯಂತ್ರವೇ ಬೇಕೆಂದಿಲ್ಲ. ಬಾಯಿ ಮುಚ್ಚಿ ‘ಹ್ಮ್‌ಮ್’ ಎಂದು ಗುನುಗಿ ನೋಡಿ. ದನಿ ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ಗುಗ್ಗೆಯೋ ನೀರೋ ಶಬ್ದದ ದಾರಿಗೆ ಅಡ್ಡವಾಗಿರುವ ಸಂಭವ ಹೆಚ್ಚು. ಒಳ್ಳೆಯ ಕಿವಿಯ ಕಡೆಗೇ ದನಿ ಸರಿದರೆ ತೊಂದರೆ ಒಳಕಿವಿಯಲ್ಲಿ ಅಥವಾ ನರದಲ್ಲಿ ಇರಬಹುದು. ವೈದ್ಯರು 512 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ತಟ್ಟಿ ಹಣೆಯ ನಡುವೆ ಇಟ್ಟು ಮಾಡುವ ಪರೀಕ್ಷೆಯ ಒಳಗುಟ್ಟೂ ಇದೇ. ಈ ಕವಲುಕಡ್ಡಿ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಬಹುದಾದಷ್ಟು ಅಗ್ಗ.

ಗುನುಗಿ ನೋಡುವುದು ಅಂದಾಜಿಗೆ ಮಾತ್ರ. ಖಚಿತಪಡಿಸುವುದು ಆಡಿಯೋಗ್ರಾಮ್. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಒಂದೊಂದು ಸ್ವರಮಟ್ಟದಲ್ಲೂ ಎಷ್ಟು ಮೆಲ್ಲಗಿನ ಸದ್ದು ಕೇಳುತ್ತದೆ ಎಂದು ಅಳೆದು ಗೆರೆ ಎಳೆಯುವ ಪರೀಕ್ಷೆ ಇದು. ಅರ್ಧ ತಾಸಿನಲ್ಲಿ ಮುಗಿಯುತ್ತದೆ, ನೋವಿಲ್ಲ.

ಕಿವಿಯ ಜೊತೆಗೆ ಮುಖ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ನಿಲ್ಲಲಾಗದಷ್ಟು ತಲೆ ಸುತ್ತಿದರೆ ಅದನ್ನು ಪಾರ್ಶ್ವವಾಯು ಎಂದೇ ತಿಳಿದು ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೊರಡಬೇಕು.

ಮೊದಲ ಎರಡು ವಾರ

ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2012ರಲ್ಲಿ ಈ ಕಾಯಿಲೆಗೆಂದೇ ಚಿಕಿತ್ಸಾ ಮಾರ್ಗಸೂಚಿ ಹೊರಡಿಸಿ, 2019ರಲ್ಲಿ ಪರಿಷ್ಕರಿಸಿತು. ಜಗತ್ತಿನ ಬಹುಪಾಲು ಕಡೆ ವೈದ್ಯರು ಆಧಾರವಾಗಿ ನೋಡುವ ದಾಖಲೆ ಅದು. ರೋಗಲಕ್ಷಣ ಕಂಡ ಎರಡು ವಾರದೊಳಗೆ ಸ್ಟೀರಾಯ್ಡ್ ಶುರುಮಾಡಬಹುದು. ಫಲ ಕಾಣದಿದ್ದರೆ ಎರಡರಿಂದ ಆರು ವಾರಗಳ ನಡುವೆ ಕಿವಿತಮಟೆಯ ಮೂಲಕ ನಡುಕಿವಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಬೇಕು. ಅನುಕೂಲವಿದ್ದಲ್ಲಿ ಸ್ಟೀರಾಯ್ಡ್ ಜೊತೆಗೆ ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆಯನ್ನೂ ಕೊಡಬಹುದು. ವೈರಸ್ ನಿರೋಧಕ ಔಷಧ, ರಕ್ತನಾಳ ಹಿಗ್ಗಿಸುವ ಗುಳಿಗೆ, ರಕ್ತದ ಹೆಪ್ಪು ಕರಗಿಸುವ ಮದ್ದು ಇವನ್ನು ರೂಢಿಯಂತೆ ಎಲ್ಲರಿಗೂ ಬರೆಯಬಾರದು ಎಂದೂ ಅದು ಹೇಳುತ್ತದೆ.

ಸ್ಟೀರಾಯ್ಡ್ ಕೂಡ ಪ್ರಶ್ನಾತೀತವಲ್ಲ. 1980ರಲ್ಲಿ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಶೇ 61 ಮಂದಿಗೆ ಶ್ರವಣ ಸುಧಾರಿಸಿತು, ಹುಸಿಗುಳಿಗೆ ಪಡೆದವರಲ್ಲಿ ಶೇ 32 ಮಂದಿಗೆ. ಆಮೇಲಿನ ಹಲವು ಪ್ರಯೋಗಗಳು ಇಷ್ಟು ಸ್ಪಷ್ಟ ಅಂತರ ತೋರಿಸಲಿಲ್ಲ. 2013ರ ಕಾಕ್ರೇನ್ ವಿಮರ್ಶೆ ಸ್ಟೀರಾಯ್ಡ್‌ನ ಬೆಲೆ ಇನ್ನೂ ಇತ್ಯರ್ಥವಾಗಿಲ್ಲ ಎಂದಿತು. ಆದರೂ ವೈದ್ಯರು ಕೊಡುತ್ತಾರೆ. ಕೆಲವೇ ದಿನಗಳ ಔಷಧದ ಅಪಾಯ ಕಡಿಮೆ, ಕಿವಿ ಕಳೆದುಕೊಳ್ಳುವುದರ ನಷ್ಟ ದೊಡ್ಡದು.

ಹಾಗೆಂದು ಔಷಧದಂಗಡಿಯಿಂದ ಸ್ಟೀರಾಯ್ಡ್ ಕೊಂಡು ನುಂಗುವುದು ಸಲ್ಲ. ನಮ್ಮ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇರುವವರು ಬಹಳ. ಸ್ಟೀರಾಯ್ಡ್ ಗುಳಿಗೆ ಸಕ್ಕರೆಯನ್ನು ದಿಢೀರನೆ ಏರಿಸುತ್ತದೆ. ಅಂಥವರಿಗೆ ನೇರವಾಗಿ ನಡುಕಿವಿಗೆ ಕೊಡುವ ಚುಚ್ಚುಮದ್ದೇ ಲೇಸು. ಯಾರಿಗೆ ಯಾವುದು ಎಂದು ಕಿವಿ ವೈದ್ಯರೇ ತೀರ್ಮಾನಿಸಬೇಕು.

ಆಳಂದ ತಾಲ್ಲೂಕಿನ ಜಿಡಗಾದಂಥ ಊರಿನವರಿಗೆ ಹತ್ತಿರದ ದಾರಿ ಆಳಂದದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆ ದಿನ ಕಿವಿ ವೈದ್ಯರು ಸಿಗದಿದ್ದರೆ ಮುಂದಿನ ವಾರಕ್ಕೆ ಕಾಯದೆ ಕಲಬುರಗಿಗೆ ಹೋಗಬೇಕು. ಜಿಲ್ಲಾಸ್ಪತ್ರೆಯನ್ನು ಒಳಗೊಂಡ ಸರಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್, ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿಗೆ ಸೇರಿದ ಬಸವೇಶ್ವರ ಆಸ್ಪತ್ರೆ, ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆ ಅಲ್ಲಿವೆ. ವಾಗ್ದರಿ ಕಡೆಯ ಊರಿನವರಿಗೆ ಅಕ್ಕಲಕೋಟೆ ಹಾದು ಸೊಲ್ಲಾಪುರಕ್ಕೆ ಹೋಗುವ ರೂಢಿಯೂ ಇದೆ. ಯಾವ ಊರಿಗಾದರೂ ಹೋಗಲಿ, ತೊಗರಿ ರಾಶಿ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಮುಂದೂಡಬಾರದು. ಇನ್ನೊಂದು ಕಿವಿ ಚೆನ್ನಾಗಿ ಕೇಳುತ್ತಿರುವಾಗ ಕೆಲಸ ನಿಲ್ಲುವುದಿಲ್ಲವಾದ್ದರಿಂದ ಮುಂದೂಡುವುದು ಸುಲಭ. ‘ಕೆಪ್ಪ’ ಎಂದು ಕರೆಸಿಕೊಳ್ಳುವ ಅಂಜಿಕೆಯಿಂದ ಮನೆಯವರಿಗೂ ಹೇಳದವರಿದ್ದಾರೆ.

ಸೂಜಿ ಬಂದ ದಾರಿ

ದೇಹದ ನಿರ್ದಿಷ್ಟ ಬಿಂದುಗಳಲ್ಲಿ ಕೂದಲೆಳೆಯಂಥ ಸೂಜಿ ಚುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಬಿಡುವ ಪದ್ಧತಿ ಚೀನಾದ್ದು. ಎರಡು ಸಾವಿರ ವರ್ಷದಷ್ಟು ಹಿಂದಿನ ‘ಹುವಾಂಗ್‌ದಿ ನೈಜಿಂಗ್’ ಗ್ರಂಥದಲ್ಲಿ ಇದರ ತತ್ತ್ವವಿದೆ. ಭಾರತಕ್ಕೆ ಅದು ಬಂದ ಕಥೆ ಆಳಂದದ ನೆರೆಯೂರಿಗೆ ತಳಕು ಹಾಕಿಕೊಂಡಿದೆ.

ಸಿದ್ಧರಾಮೇಶ್ವರರ ಸೊಲ್ಲಾಪುರ ಇಂದಿಗೂ ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುವ ನಗರ. 1910ರ ಅಕ್ಟೋಬರ್ 10ರಂದು ಅಲ್ಲಿ ಹುಟ್ಟಿದವರು ದ್ವಾರಕಾನಾಥ ಕೋಟ್ನಿಸ್. ಮುಂಬೈಯಲ್ಲಿ ವೈದ್ಯಕೀಯ ಓದಿದ ಅವರು, ಜಪಾನಿನ ದಾಳಿಗೆ ತತ್ತರಿಸಿದ್ದ ಚೀನಾಕ್ಕೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ 1938ರಲ್ಲಿ ಕಳಿಸಿದ ಐವರು ವೈದ್ಯರ ತಂಡದಲ್ಲಿ ಒಬ್ಬರು. ಯುದ್ಧಭೂಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತ, ಬೆಥೂನ್ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾಗಿ, ಚೀನಾದ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾಗಿ, 1942ರ ಡಿಸೆಂಬರ್ 9ರಂದು 32ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. ವಿ. ಶಾಂತಾರಾಮ್ 1946ರಲ್ಲಿ ಅವರ ಬದುಕನ್ನು ಸಿನಿಮಾ ಮಾಡಿದರು. ಸೊಲ್ಲಾಪುರದ ಅವರ ಮನೆ ಈಗ ಸ್ಮಾರಕ.

ಕೋಟ್ನಿಸ್ ಶಸ್ತ್ರಚಿಕಿತ್ಸಕರು. ಭಾರತಕ್ಕೆ ಸೂಜಿ ತಂದವರು ಅದೇ ತಂಡದಲ್ಲಿದ್ದ ಬಂಗಾಳದ ಬಿಜಯ ಕುಮಾರ್ ಬಸು. ಅವರು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತಾದಲ್ಲಿ ಚಿಕಿತ್ಸೆ ಶುರುಮಾಡಿದರು. ಗೆಳೆಯನ ನೆನಪಿನಲ್ಲಿ ಕಟ್ಟಿದ ಕೋಟ್ನಿಸ್ ಸ್ಮಾರಕ ಸಮಿತಿಯ ಮೂಲಕ ದೇಶದ ಬೇರೆ ಬೇರೆ ಕಡೆ ಅದು ಹಬ್ಬಿತು. ಹೀಗಾಗಿ ಭಾರತದ ಅಕ್ಯುಪಂಕ್ಚರ್ ಕಥೆಯಲ್ಲಿ ಸೊಲ್ಲಾಪುರದ ಈ ಮಗನ ಹೆಸರೂ ಸೇರಿಕೊಂಡಿದೆ.

ಕರ್ನಾಟಕದಲ್ಲಿ ಇದು ಹೆಚ್ಚು ಬಳಕೆಗೆ ಬಂದದ್ದು ಪ್ರಕೃತಿ ಚಿಕಿತ್ಸೆಯ ಜೊತೆಗೆ. 1989ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ಆರಂಭವಾಯಿತು. ಅಲ್ಲಿ ಕಲಿಸುವ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲಿ ಅಕ್ಯುಪಂಕ್ಚರ್ ಒಂದು ಭಾಗ.

ಕಿವಿಗೆ ಚುಚ್ಚುವ ಬಿಂದುಗಳು

ಚೀನಾದ ಪದ್ಧತಿಯಂತೆ ಕಿವಿಯ ಆರೋಗ್ಯ ಮೂತ್ರಪಿಂಡದ ಶಕ್ತಿಗೆ ಅಂಟಿಕೊಂಡಿದೆ. ಹಠಾತ್ ಕಿವುಡನ್ನು ಅವರು ಯಕೃತ್ತು, ಪಿತ್ತಕೋಶಗಳ ‘ಬೆಂಕಿ’ ಮೇಲೇರಿದ್ದು, ಹೊರಗಿನ ‘ಗಾಳಿ’ ನುಗ್ಗಿದ್ದು ಎಂದು ವಿವರಿಸುತ್ತಾರೆ. ಈ ವಿವರಣೆಗೆ ಅಂಗರಚನೆಯ ಆಧಾರವಿಲ್ಲ. ಆದರೆ ವಿವರಣೆ ತಪ್ಪಾದ ಮಾತ್ರಕ್ಕೆ ಚಿಕಿತ್ಸೆಯೂ ವ್ಯರ್ಥ ಎನ್ನಲಾಗದು, ಅದನ್ನು ಬೇರೆಯಾಗಿ ಪರೀಕ್ಷಿಸಬೇಕು.

ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯ ಎದುರು ಮೇಲಿಂದ ಕೆಳಕ್ಕೆ ಸಾಲಾಗಿ ಎರ್‌ಮನ್, ತಿಂಗ್‌ಗಾಂಗ್, ತಿಂಗ್‌ಹುಯಿ ಎಂಬ ಮೂರು ಬಿಂದುಗಳಿವೆ. ಬಾಯಿ ತೆರೆದಾಗ ಅಲ್ಲಿ ಕುಳಿ ಬೀಳುತ್ತದೆ, ಸೂಜಿ ಹೋಗುವುದು ಅಲ್ಲಿಗೇ. ಕಿವಿಯ ಹಾಲೆಯ ಹಿಂದೆ, ದವಡೆ ಮತ್ತು ಕಿವಿಹಿಂದಿನ ಎಲುಬಿನ ನಡುವಿನ ತಗ್ಗಿನಲ್ಲಿ ಯಿಫೆಂಗ್ ಇದೆ. ದೂರದ ಬಿಂದುಗಳಾಗಿ ಕೈಯ ಹಿಂಬದಿಯ ಝೋಂಗ್‌ಝು, ಮುಂಗೈಯ ವಾಯ್‌ಗುವಾನ್, ಕಾಲಿನ ಒಳಹರಡಿನ ಹಿಂದಿನ ತಾಯ್‌ಶಿ ಬಳಸುತ್ತಾರೆ. ಕೆಲವು ಕಡೆ ಸೂಜಿಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸುತ್ತಾರೆ, ಅದಕ್ಕೆ ಎಲೆಕ್ಟ್ರೋ ಅಕ್ಯುಪಂಕ್ಚರ್ ಎಂದು ಹೆಸರು.

ಇದು ಹೇಗೆ ಕೆಲಸ ಮಾಡೀತು ಎಂಬುದಕ್ಕೆ ಸಂಶೋಧಕರು ಎರಡು ಮೂರು ದಾರಿ ಸೂಚಿಸುತ್ತಾರೆ: ಸುತ್ತಲಿನ ರಕ್ತಸಂಚಾರ ಹೆಚ್ಚಬಹುದು, ನರಸಂಕೇತಗಳು ಬದಲಾಗಬಹುದು, ಮಿದುಳಿನಲ್ಲಿ ಎಂಡಾರ್ಫಿನ್‌ನಂಥ ರಾಸಾಯನಿಕಗಳು ಬಿಡುಗಡೆಯಾಗಬಹುದು. ಎಂಡಾರ್ಫಿನ್ ವಿವರಣೆಗೆ ನೋವಿನ ವಿಷಯದಲ್ಲಿ ತಕ್ಕಮಟ್ಟಿನ ಆಧಾರವಿದೆ. ಸತ್ತ ಕೂದಲುಕೋಶವನ್ನು ಸೂಜಿ ಮತ್ತೆ ಹುಟ್ಟಿಸುತ್ತದೆ ಎಂಬುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಪುರಾವೆ ಏನು ಹೇಳುತ್ತದೆ

ಈ ಕಾಯಿಲೆಯಲ್ಲಿ ಯಾವ ಚಿಕಿತ್ಸೆಯನ್ನು ಅಳೆಯಬೇಕಾದರೂ ಮೊದಲು ನೆನಪಿಡಬೇಕಾದ ಸಂಗತಿ ಒಂದಿದೆ. ಏನೂ ಮಾಡದಿದ್ದರೂ ಸುಮಾರು ಮೂರರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಎರಡು ಪಾಲಿನವರೆಗೆ ಜನರ ಶ್ರವಣ ತಾನಾಗಿಯೇ ಅಷ್ಟೋ ಇಷ್ಟೋ ಮರಳುತ್ತದೆ. ಮಾರ್ಗಸೂಚಿಯಲ್ಲಿರುವ ಅಂಕಿ ಶೇ 32ರಿಂದ 65. ಇದರಲ್ಲಿ ಹೆಚ್ಚಿನ ಚೇತರಿಕೆ ಆಗುವುದು ಮೊದಲ ಎರಡು ವಾರಗಳಲ್ಲೇ. ಆ ಎರಡು ವಾರದಲ್ಲಿ ಎಣ್ಣೆ ಬಿಟ್ಟವನಿಗೆ ಎಣ್ಣೆಯಿಂದ, ಹರಕೆ ಹೊತ್ತವನಿಗೆ ಹರಕೆಯಿಂದ, ಸೂಜಿ ಹಾಕಿಸಿದವನಿಗೆ ಸೂಜಿಯಿಂದ ವಾಸಿಯಾದಂತೆ ಕಾಣುತ್ತದೆ. ‘ನಮ್ಮ ಪರಿಚಯದವರಿಗೆ ಹತ್ತು ಸಲ ಸೂಜಿ ಹಾಕಿದ ಮ್ಯಾಲ ಕೇಳಸ್ತು’ ಎಂಬ ಮಾತು ಸುಳ್ಳಲ್ಲ. ಅದು ಸೂಜಿಯ ಗುಣವೋ ಕಾಲದ ಗುಣವೋ ಎಂದು ಆ ಒಬ್ಬರ ಅನುಭವದಿಂದ ಬಿಡಿಸಲಾಗುವುದಿಲ್ಲ. ಅದಕ್ಕೆಂದೇ ಒಂದು ಗುಂಪಿಗೆ ಚಿಕಿತ್ಸೆ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸುವ ಪ್ರಯೋಗ ಬೇಕು.

ಅಂಥ ಪ್ರಯೋಗಗಳು ನಡೆದಿವೆ, ಬಹುಪಾಲು ಚೀನಾದಲ್ಲಿ. 2015ರಲ್ಲಿ ‘ಪ್ಲೋಸ್ ಒನ್’ ಪತ್ರಿಕೆಯಲ್ಲಿ ಬಂದ ವಿಮರ್ಶೆ ಇಂಥ 12 ಪ್ರಯೋಗಗಳನ್ನು, ಒಟ್ಟು 863 ರೋಗಿಗಳನ್ನು ಒಟ್ಟುಗೂಡಿಸಿ ನೋಡಿತು. ಔಷಧವೊಂದನ್ನೇ ಪಡೆದವರಿಗಿಂತ ಔಷಧದ ಜೊತೆಗೆ ಅಕ್ಯುಪಂಕ್ಚರ್ ಮಾಡಿಸಿಕೊಂಡವರಲ್ಲಿ ಸುಧಾರಣೆ ಹೆಚ್ಚಿತ್ತು. ಇಷ್ಟನ್ನೇ ಓದಿ ಜಾಹೀರಾತು ಮಾಡುವವರಿದ್ದಾರೆ. ಪ್ರಯೋಗಗಳ ಗುಣಮಟ್ಟ ಕಳಪೆ, ಪಕ್ಷಪಾತದ ಸಂಭವ ಹೆಚ್ಚು, ಖಚಿತ ತೀರ್ಮಾನಕ್ಕೆ ಇನ್ನೂ ಒಳ್ಳೆಯ ಪ್ರಯೋಗಗಳು ಬೇಕು ಎಂದು ಅದೇ ವಿಮರ್ಶೆ ಹೇಳಿದೆ. ಆ ಅರ್ಧವನ್ನು ಬಿಟ್ಟು ಓದಬಾರದು.

ಕಳಪೆ ಎಂದರೆ ಏನು? ಯಾರಿಗೆ ಸೂಜಿ, ಯಾರಿಗೆ ಬೇಡ ಎಂದು ಚೀಟಿ ಎತ್ತಿ ನಿಷ್ಪಕ್ಷಪಾತವಾಗಿ ಹಂಚಿದರೇ ಎಂಬುದು ಸ್ಪಷ್ಟವಿಲ್ಲ. ರೋಗಿಗೂ ಚಿಕಿತ್ಸಕನಿಗೂ ಯಾರಿಗೆ ಏನು ಸಿಗುತ್ತಿದೆ ಎಂದು ಗೊತ್ತಿದೆ. ಗುಳಿಗೆಯ ಪ್ರಯೋಗದಲ್ಲಿ ಹುಸಿಗುಳಿಗೆ ಕೊಡುವುದು ಸುಲಭ, ಹುಸಿಸೂಜಿ ಕಷ್ಟ. ಚರ್ಮಕ್ಕೆ ತಾಗಿದೊಡನೆ ಹಿಡಿಯೊಳಗೆ ಸರಿದುಹೋಗಿ, ಚುಚ್ಚಿದ ಭಾವ ಮಾತ್ರ ಕೊಡುವ ಸೂಜಿಯನ್ನು 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಪರಿಚಯಿಸಿದರು. ಹಠಾತ್ ಕಿವುಡಿನ ಬಹಳಷ್ಟು ಪ್ರಯೋಗಗಳು ಅಷ್ಟು ದೂರ ಹೋಗಿಲ್ಲ. ಜೊತೆಗೆ ‘ಪರಿಣಾಮಕಾರಿ’ ಎಂಬುದನ್ನು ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಎಣಿಸಿದ್ದಾರೆ. ಕೆಲವು ಪ್ರಯೋಗಗಳಲ್ಲಿ 15 ಡೆಸಿಬಲ್ ಸುಧಾರಣೆಯೂ ಯಶಸ್ಸಿನ ಲೆಕ್ಕಕ್ಕೆ ಸೇರುತ್ತದೆ. ಕಿವಿ 90 ಡೆಸಿಬಲ್‌ಗೆ ಕುಸಿದಿದ್ದವರು 75ಕ್ಕೆ ಬಂದರೆ ಎದುರಿನವರ ಮಾತು ಆಗಲೂ ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ ಎಂಬ ಫಲಕವನ್ನೂ ಕೆಲವು ಕೇಂದ್ರಗಳಲ್ಲಿ ಕಾಣಬಹುದು. ಆ ಸಂಸ್ಥೆ 2003ರ ಸುಮಾರಿಗೆ ಹೊರತಂದ ಅಕ್ಯುಪಂಕ್ಚರ್ ವರದಿ ಕಾಯಿಲೆಗಳನ್ನು ಗುಂಪುಗುಂಪಾಗಿ ವಿಂಗಡಿಸಿತ್ತು. ಫಲ ಸಾಬೀತಾದ ಮೊದಲ ಗುಂಪಿನಲ್ಲಿ ಕಿವುಡು ಇಲ್ಲ. ಬಿಡಿ ಪ್ರಯೋಗಗಳು ಸ್ವಲ್ಪ ಫಲ ತೋರಿಸಿವೆ, ಬೇರೆ ಚಿಕಿತ್ಸೆ ಕಷ್ಟವಾದ್ದರಿಂದ ಯತ್ನಿಸಿ ನೋಡಬಹುದು ಎಂಬ ಮೂರನೇ ಗುಂಪಿನಲ್ಲಿ ಅದು ಇದೆ. ಅಮೆರಿಕದ 2019ರ ಮಾರ್ಗಸೂಚಿ ಅಕ್ಯುಪಂಕ್ಚರನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಿಲ್ಲ.

ಹಳೆಯ ಕಿವುಡಿಗೆ ಸೂಜಿ ಸೋತ ಕಥೆ

ಹುಟ್ಟಿನಿಂದ ಬಂದ, ವರ್ಷಗಟ್ಟಲೆ ಹಳೆಯದಾದ ಕಿವುಡಿನ ಮಾತೇ ಬೇರೆ. ಅಲ್ಲಿ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. 1960ರ ದಶಕದ ಕೊನೆಯಲ್ಲಿ ಚೀನಾದ ಸೈನ್ಯದ ವೈದ್ಯಕೀಯ ತಂಡಗಳು ಕಿವುಡ ಮಕ್ಕಳ ಶಾಲೆಗಳಿಗೆ ಹೋಗಿ ಸೂಜಿಯಿಂದ ಮಕ್ಕಳಿಗೆ ಕೇಳುವಂತೆ ಮಾಡಿದವೆಂದು ದೊಡ್ಡ ಪ್ರಚಾರ ನಡೆಯಿತು. ಸಾಂಸ್ಕೃತಿಕ ಕ್ರಾಂತಿಯ ಆ ದಿನಗಳಲ್ಲಿ ಅದನ್ನು ಪ್ರಶ್ನಿಸುವವರು ಇರಲಿಲ್ಲ.

1971ರ ಜುಲೈಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿ ಅರಿವಳಿಕೆಯಲ್ಲೇ, ಅಕ್ಯುಪಂಕ್ಚರ್ ಮಾಡಿದ್ದು ಆಮೇಲಿನ ಹೊಟ್ಟೆನೋವಿಗೆ. ಅವರು ಬರೆದ ವರದಿಯಿಂದ ಅಮೆರಿಕದಲ್ಲಿ ಸೂಜಿಯ ಬಗ್ಗೆ ಆಸೆ ಒಮ್ಮೆಲೇ ಉಕ್ಕಿತು. ಕಿವುಡ ಮಕ್ಕಳ ತಂದೆತಾಯಿ ಮಕ್ಕಳನ್ನು ಕರೆದುಕೊಂಡು ಚಿಕಿತ್ಸಾಲಯಗಳಿಗೆ ಧಾವಿಸಿದರು. ಆಗ ಶ್ರವಣ ತಜ್ಞರು ಮಾಡಿದ ಕೆಲಸ ಸರಳವಾಗಿತ್ತು, ಘನವಾಗಿತ್ತು: ಚಿಕಿತ್ಸೆಗೆ ಮೊದಲು ಒಂದು ಆಡಿಯೋಗ್ರಾಮ್, ಮುಗಿದ ಮೇಲೆ ಇನ್ನೊಂದು. 1970ರ ದಶಕದ ನಡುವಿನ ಹೊತ್ತಿಗೆ ಫಲಿತಾಂಶ ಹೊರಬಂತು. ಎರಡು ಗೆರೆಗಳ ನಡುವೆ ಗುರುತಿಸಬಹುದಾದ ವ್ಯತ್ಯಾಸ ಇರಲಿಲ್ಲ.

ಹುಟ್ಟುಕಿವುಡಿನ ಮಗುವಿಗೆ ಸೂಜಿಯಿಂದ ಕೇಳಿಸುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆ ಮಗುವಿಗೆ ಮಾತು ಕಲಿಯುವ ವಯಸ್ಸು ಮೀರುವುದರೊಳಗೆ ಶ್ರವಣ ಯಂತ್ರವೋ ಕಾಕ್ಲಿಯರ್ ಇಂಪ್ಲಾಂಟೋ ಬೇಕು. ಸೂಜಿಯ ಕೋಣೆಯಲ್ಲಿ ಕಳೆದ ಒಂದು ವರ್ಷ ಆ ಮಗುವಿನ ಮಾತಿನ ಒಂದು ವರ್ಷ.

ಮಾಡಿಸುವುದಾದರೆ

ಅಕ್ಯುಪಂಕ್ಚರ್ ಮಾಡಿಸಿಕೊಳ್ಳಲೇಬೇಕೆಂಬ ಆಸೆಯಿದ್ದರೆ ಸ್ಟೀರಾಯ್ಡ್ ಶುರುವಾದ ಮೇಲೆ, ಕಿವಿ ವೈದ್ಯರಿಗೆ ತಿಳಿಸಿ, ಅದರ ಜೊತೆಗೆ ಮಾಡಿಸಬಹುದು. ಔಷಧ ಬಿಟ್ಟು ಅಲ್ಲ. ಮೊದಲ ಆಡಿಯೋಗ್ರಾಮ್ ಇಲ್ಲದೆ ಸೂಜಿಗೆ ಕೂರಬೇಡಿ, ಏಕೆಂದರೆ ಎಲ್ಲಿಂದ ಹೊರಟಿರಿ ಎಂದು ಗೊತ್ತಿಲ್ಲದಿದ್ದರೆ ಎಲ್ಲಿಗೆ ತಲುಪಿದಿರಿ ಎಂದು ಯಾರೂ ಹೇಳಲಾರರು. ಎಷ್ಟು ಸಲ, ಎಷ್ಟು ಹಣ ಎಂದು ಮೊದಲೇ ಕೇಳಿ. ಔಷಧ ನಿಲ್ಲಿಸಿದರೆ ಮಾತ್ರ ಸೂಜಿ ಹಿಡಿಯುತ್ತದೆ ಎನ್ನುವವರ ಬಳಿ ನಿಲ್ಲಬೇಡಿ.

ಕೇಂದ್ರ ಸರಕಾರ 2003ರ ಆದೇಶದಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವಾಗಿ ಒಪ್ಪಿ, 2019ರ ಫೆಬ್ರುವರಿಯಲ್ಲಿ ಸ್ವತಂತ್ರ ಪದ್ಧತಿಯಾಗಿ ಮಾನ್ಯ ಮಾಡಿತು. ಪಶ್ಚಿಮ ಬಂಗಾಳದಲ್ಲಿ 1996ರಿಂದ, ಮಹಾರಾಷ್ಟ್ರದಲ್ಲಿ 2015ರ ಕಾಯ್ದೆಯಿಂದ ಇದಕ್ಕೆ ಪ್ರತ್ಯೇಕ ಕಾನೂನಿದೆ. ಆಳಂದದಿಂದ ಗಡಿ ದಾಟಿ ಸೊಲ್ಲಾಪುರದಲ್ಲಿ ಚಿಕಿತ್ಸೆ ಪಡೆಯುವವರು ಆ ಚಿಕಿತ್ಸಕರು ಮಹಾರಾಷ್ಟ್ರದ ಅಕ್ಯುಪಂಕ್ಚರ್ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳುವ ಹಕ್ಕು ಉಳ್ಳವರು. ಕರ್ನಾಟಕದಲ್ಲಾದರೆ ಬಿಎನ್‌ವೈಎಸ್ ಅಥವಾ ಬೇರೆ ಮಾನ್ಯ ವೈದ್ಯ ಪದವಿ ಇದೆಯೇ, ನೋಂದಣಿ ಸಂಖ್ಯೆ ಏನು ಎಂದು ಕೇಳಿ.

ಸೂಜಿ ಒಂದು ಸಲಕ್ಕೆ ಮಾತ್ರ ಬಳಸುವಂಥದ್ದಾಗಿರಬೇಕು, ನಿಮ್ಮ ಕಣ್ಣೆದುರೇ ಪೊಟ್ಟಣ ಒಡೆಯಬೇಕು. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ ಹರಡುತ್ತದೆ, ಹಾಗೆ ಹರಡಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮೊದಲೇ ಹೇಳಬೇಕು. ಪೇಸ್‌ಮೇಕರ್ ಇದ್ದವರಿಗೆ ವಿದ್ಯುತ್ ಹಾಯಿಸುವ ಸೂಜಿ ಸಲ್ಲದು. ಯಿಫೆಂಗ್ ಬಿಂದುವಿನ ಒಳಗಡೆಯೇ ಮುಖದ ನರ ಹಾದುಹೋಗಿದೆ. ಕಲಿಯದ ಕೈ ಅಲ್ಲಿ ಚುಚ್ಚಬಾರದು.

ಕೇಳುವುದು ಮರಳದಿದ್ದರೆ

ವಯಸ್ಸಾದವರಿಗೆ, ತಲೆಸುತ್ತು ಜೊತೆಗಿದ್ದವರಿಗೆ, ಪೂರ್ತಿ ಕಿವುಡಾದವರಿಗೆ, ತಡವಾಗಿ ಬಂದವರಿಗೆ ಮರಳುವ ಸಂಭವ ಕಡಿಮೆ. ಚಿಕಿತ್ಸೆ ಮುಗಿದಾಗ ಒಮ್ಮೆ, ಆರು ತಿಂಗಳೊಳಗೆ ಇನ್ನೊಮ್ಮೆ ಆಡಿಯೋಗ್ರಾಮ್ ಮಾಡಿಸಬೇಕು. ಆಮೇಲೂ ಕೇಳದಿದ್ದರೆ ಶ್ರವಣ ಯಂತ್ರವಿದೆ. ಒಂದು ಕಿವಿ ಪೂರ್ತಿ ಹೋದವರಿಗೆ, ಆ ಕಡೆಯ ಶಬ್ದವನ್ನು ಹಿಡಿದು ಒಳ್ಳೆಯ ಕಿವಿಗೆ ದಾಟಿಸುವ ಯಂತ್ರವೂ ಇದೆ. ಬಸ್ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯದೆ ರಸ್ತೆ ದಾಟುವ, ಮದುವೆ ಮನೆಯ ಗದ್ದಲದಲ್ಲಿ ಪಕ್ಕದವರ ಮಾತು ತಪ್ಪಿಹೋಗುವ ಕಷ್ಟ ಒಂದೇ ಕಿವಿಯವರಿಗೆ ಚೆನ್ನಾಗಿ ಗೊತ್ತು.

ಕಾನೂನು ಇವರನ್ನು ಬಿಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, ಎರಡೂ ಕಿವಿಯಲ್ಲಿ 60ರಿಂದ 70 ಇದ್ದರೆ ಮಂದಶ್ರವಣ. ಒಂದು ಕಿವಿ ಪೂರ್ತಿ ಸತ್ತರೂ ಇನ್ನೊಂದು ಚೆನ್ನಾಗಿದ್ದರೆ ಈ ವ್ಯಾಖ್ಯೆಗೆ ಅವರು ಸೇರುವುದಿಲ್ಲ. ಇದು ಅನ್ಯಾಯ, ತಿದ್ದಬೇಕಾದದ್ದು.

ಹೆಚ್ಚಿನ ಪರೀಕ್ಷೆಗೂ ಯಂತ್ರ ಹೊಂದಿಸುವುದಕ್ಕೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಆರೋಗ್ಯ ಸಚಿವಾಲಯದ ಈ ಸಂಸ್ಥೆ ಆಳಂದಕ್ಕೆ ಬಹಳ ದೂರ. ಮೊದಲ ದಿನಗಳ ಕೆಲಸಕ್ಕೆ ಅಲ್ಲಿಯವರೆಗೆ ಹೋಗಬೇಕಾಗಿಲ್ಲ, ಕಲಬುರಗಿ ಸಾಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಒಂದು ಕಿವಿ ಒಮ್ಮೆಲೇ ಕೇಳದಾದರೆ ಎಣ್ಣೆ ಬಿಡಬೇಡಿ, ಸೂಜಿಗೆ ಓಡಬೇಡಿ. ಅಂದೇ, ತಪ್ಪಿದರೆ ಮರುದಿನವೇ, ಆಡಿಯೋಗ್ರಾಮ್ ಮಾಡುವ ಕಿವಿ ವೈದ್ಯರ ಮುಂದೆ ಅವರನ್ನು ಕೂರಿಸಿ.